ಹಳೇ ಬ್ರೌಸರ್ ಹೊಟ್ಟೆಯಲ್ಲಿ ಹೊಸ ಎಂಜಿನ್

ಕ್ರೋಮ್ ಫ್ರೇಮ್ ಅಂತ ಒಂದು ಪ್ಲಗ್-ಇನ್ ಇತ್ತು, ಅಂದರೆ ಬ್ರೌಸರ್‌ಗೆ ಹೊರಗಿನಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್. ಈಗ ವೆಬ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಹೇಳಿದರೆ ಸುಮ್ನೆ ರೀಲು ಬಿಡ್ತಿದ್ದಾರೆ ಅಂದುಕೊಳ್ಳುತ್ತಾರೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಳಗೆ ಗೂಗಲ್ ಕ್ರೋಮ್ ಓಡಿಸೋದಾ? ಹೌದು, ಅದೇ. ಹೊರಗಿನಿಂದ ನೋಡಿದರೆ ಅದೇ ನೀಲಿ 'ಇ', ಅದೇ ಅಡ್ರೆಸ್ ಬಾರ್, ಅದೇ ಫೇವರಿಟ್ಸ್ ಪಟ್ಟಿ. ಒಳಗೆ ಪುಟ ಬಿಡಿಸುತ್ತಿದ್ದ ಎಂಜಿನ್ ಮಾತ್ರ ಕ್ರೋಮ್‌ನದ್ದು. 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇದನ್ನು ಹೊರಗೆ ಬಿಟ್ಟಿತು, 2014ರ ಜನವರಿಯಲ್ಲಿ ಕೈಬಿಟ್ಟಿತು. ಅಷ್ಟೇ ಅದರ ಆಯಸ್ಸು. ಆದರೆ ಆ ಐಡಿಯಾ ಇನ್ನೂ ಸತ್ತಿಲ್ಲ, ಬೇರೆ ಬೇರೆ ವೇಷದಲ್ಲಿ ಓಡಾಡುತ್ತಲೇ ಇದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆ ಕಾಲದಲ್ಲಿ ನಾನು ಮೈಸೂರಿನಲ್ಲಿ ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಸರಸ್ವತಿಪುರಂನಲ್ಲಿ ಮಹಡಿ ಮೇಲೊಂದು ರೂಮು, ಎರಡು ಕಂಪ್ಯೂಟರ್, ಒಂದು ಯುಪಿಎಸ್. ಗಿರಾಕಿಗಳು ಯಾರು ಅಂದರೆ ಟ್ಯುಟೋರಿಯಲ್‌ನವರು, ಸೀರೆ ಅಂಗಡಿಯವರು, ಮಂಡ್ಯದ ಕಡೆಯಿಂದ ಒಂದು ಕಲ್ಯಾಣ ಮಂಟಪದವರು. ನಮ್ಮ ಕಂಪ್ಯೂಟರ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎಲ್ಲ ಇತ್ತು. ಅವರ ಕಂಪ್ಯೂಟರ್‌ನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ, ಅದರ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ಎಲ್ಲ ಕಷ್ಟ ಶುರುವಾಗುತ್ತಿದ್ದದ್ದು ಅಲ್ಲಿಂದಲೇ.

ಆ ಬ್ರೌಸರ್ ಬಂದದ್ದು 2001ರಲ್ಲಿ. ಬಂದಾಗ ಅದು ಕೆಟ್ಟದ್ದೇನಲ್ಲ, ಆ ಕಾಲಕ್ಕೆ ಚೆನ್ನಾಗಿಯೇ ಇತ್ತು. ಆದರೆ ಪೈಪೋಟಿಗೆ ಯಾರೂ ಉಳಿದಿಲ್ಲ ಅಂತ ಗೊತ್ತಾದ ಮೇಲೆ ಮೈಕ್ರೋಸಾಫ್ಟ್ ಕೈಕಟ್ಟಿ ಕೂತುಬಿಟ್ಟಿತು. ಏಳನೇ ಆವೃತ್ತಿ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಐದು ವರ್ಷ ಬ್ರೌಸರ್ ನಿಂತಲ್ಲೇ ನಿಂತಿತ್ತು, ವೆಬ್ ಮಾತ್ರ ಮುಂದಕ್ಕೆ ಹೋಗುತ್ತಿತ್ತು.

ಒಂದು ಉದಾಹರಣೆ ಹೇಳ್ತೀನಿ. ಆ ಕಲ್ಯಾಣ ಮಂಟಪದ ಲೋಗೋದಲ್ಲಿ ಒಂದು ಜೋಡಿ ದೀಪ ಇತ್ತು. ಪಿಎನ್‌ಜಿ ಚಿತ್ರ, ಸುತ್ತ ಪಾರದರ್ಶಕ, ಹಿಂದೆ ಕುಂಕುಮದ ಬಣ್ಣದ ಪಟ್ಟಿ. ಫೈರ್‌ಫಾಕ್ಸ್‌ನಲ್ಲಿ ದೀಪ ಆ ಪಟ್ಟಿ ಮೇಲೆ ಚಂದವಾಗಿ ಕೂರುತ್ತಿತ್ತು. ಆರನೇ ಎಕ್ಸ್‌ಪ್ಲೋರರ್‌ನಲ್ಲಿ ದೀಪದ ಸುತ್ತ ಬೂದು ಬಣ್ಣದ ಚೌಕ. ಅದನ್ನು ಸರಿ ಮಾಡೋಕೆ ಆಲ್ಫಾ ಇಮೇಜ್ ಲೋಡರ್ ಅನ್ನುವ ಮೈಕ್ರೋಸಾಫ್ಟ್‌ನದ್ದೇ ಒಂದು ಫಿಲ್ಟರ್ ಇತ್ತು. ಅದನ್ನು ಹಾಕಿದರೆ ಚೌಕ ಹೋಗುತ್ತಿತ್ತು, ಆದರೆ ಹಿನ್ನೆಲೆ ಚಿತ್ರವನ್ನು ಸಾಲಾಗಿ ಮತ್ತೆ ಮತ್ತೆ ಜೋಡಿಸುವ ಹಾಗಿರಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಇದಲ್ಲದೆ ಎಡಕ್ಕೆ ತೇಲಿಸಿದ ಡಬ್ಬಿಗೆ ಹತ್ತು ಪಿಕ್ಸೆಲ್ ಅಂಚು ಕೊಟ್ಟರೆ ಇಪ್ಪತ್ತು ತೆಗೆದುಕೊಳ್ಳುವುದು ಬೇರೆ. ಅದಕ್ಕೆ 'ಡಿಸ್‌ಪ್ಲೇ ಇನ್‌ಲೈನ್' ಅಂತ ಒಂದು ಸಾಲು ಬರೆದರೆ ಸರಿಹೋಗುತ್ತಿತ್ತು. ಯಾಕೆ ಅಂತ ಕೇಳಬಾರದು, ಬರೆಯಬೇಕು ಅಷ್ಟೇ.

ಮಂಟಪದ ಮ್ಯಾನೇಜರ್ರು ಫೋನ್ ಮಾಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಎಲ್ಲಾ ಒಂದರ ಮ್ಯಾಲೊಂದು ಕುಂತವೆ ಕಣಪ್ಪ, ಎಂಗೆ ಓದದು ಇದ?" ಫೈರ್‌ಫಾಕ್ಸ್ ಹಾಕಿಕೊಳ್ಳಿ ಸಾರ್ ಅಂದೆ. "ಅದೆಲ್ಲ ನಂಗೊತ್ತಿಲ್ಲಪ್ಪ, ನಮ್ಮಲ್ಲಿರದು ಆ ನೀಲಿ ಅಕ್ಷರ ಒಂದೇಯ" ಅಂದರು.

ಇದನ್ನು ಕೇಳಿ ಪೇಟೆಯ ವೆಬ್ ಡಿಸೈನರ್‌ಗಳು ಆಗ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಮನುಷ್ಯನ ಮುಂದಿದ್ದ ಕಂಪ್ಯೂಟರ್ ಅವರದ್ದಲ್ಲ, ಯಜಮಾನರದ್ದು. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಇಟ್ಟವನು ಅದನ್ನು ಮಾರಿದ ಅಂಗಡಿಯ ಹುಡುಗ, ಅವನು ಆಗಲೇ ಬೆಂಗಳೂರಿಗೆ ಹೋಗಿ ಸೇರಿಕೊಂಡಿದ್ದ. ಏಳನೇ ಆವೃತ್ತಿ ಹಾಕೋಣ ಅಂದರೆ ಮೊದಮೊದಲು ಅದು ವಿಂಡೋಸ್ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡುತ್ತಿತ್ತು. 2007ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಆ ಪರೀಕ್ಷೆ ತೆಗೆದುಹಾಕಿದರೂ ಜನಕ್ಕೆ ಹೆದರಿಕೆ ಹೋಗಿರಲಿಲ್ಲ. ನಮ್ಮ ಊರುಗಳಲ್ಲಿ ಎಷ್ಟು ಕಂಪ್ಯೂಟರ್‌ಗಳಲ್ಲಿ ಅಸಲಿ ಎಕ್ಸ್‌ಪಿ ಇತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ದೊಡ್ಡ ಆಫೀಸುಗಳದ್ದು ಇನ್ನೊಂದು ಕಥೆ. ಅಲ್ಲಿನ ಒಳಗಿನ ಸಾಫ್ಟ್‌ವೇರ್ ಎಲ್ಲ ಆಕ್ಟಿವ್‌ಎಕ್ಸ್ ಅನ್ನುವ ಮೈಕ್ರೋಸಾಫ್ಟ್‌ನ ತಂತ್ರದ ಮೇಲೆ ಕಟ್ಟಿದ್ದು, ಅದು ಓಡುವುದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ, ಕೆಲವಂತೂ ಆರನೇ ಆವೃತ್ತಿಯಲ್ಲಿ ಮಾತ್ರ. ಬ್ರೌಸರ್ ಬದಲಿಸಿದರೆ ತಿಂಗಳ ಸಂಬಳದ ಪಟ್ಟಿಯೇ ತೆರೆಯಲ್ಲ ಅಂದರೆ ಯಾರು ಬದಲಿಸುತ್ತಾರೆ ಹೇಳಿ?

ಹಾಗಾಗಿ ಪುಟ ಬರೆಯುವವರೇ ಏನೇನೋ ದಾರಿ ಹುಡುಕಿಕೊಂಡರು. ಕೆಲವು ನಿಜಕ್ಕೂ ಚಂದ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ 5ರಲ್ಲಿ 'ಸೆಕ್ಷನ್', 'ಆರ್ಟಿಕಲ್' ಅಂತ ಹೊಸ ಟ್ಯಾಗ್‌ಗಳು ಬಂದವಲ್ಲ, ಎಂಟನೇ ಆವೃತ್ತಿವರೆಗಿನ ಎಕ್ಸ್‌ಪ್ಲೋರರ್‌ಗೆ ಅವುಗಳ ಗುರುತೇ ಇರಲಿಲ್ಲ, ಬಣ್ಣ ಹಚ್ಚಿದರೂ ಅಂಟುತ್ತಿರಲಿಲ್ಲ. ಆದರೆ ಬ್ರೌಸರ್ ಒಳಗೆ ಓಡುವ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಆ ಹೆಸರಿನ ಎಲಿಮೆಂಟ್ ಒಂದನ್ನು ಸುಮ್ನೆ ಸೃಷ್ಟಿಸಿ ಬಿಟ್ಟರೆ ಸಾಕು, ಅದನ್ನು ಪುಟಕ್ಕೆ ಸೇರಿಸುವುದೂ ಬೇಡ, ಆಮೇಲಿಂದ ಬ್ರೌಸರ್ ಆ ಟ್ಯಾಗನ್ನು ಒಪ್ಪಿಕೊಂಡುಬಿಡುತ್ತಿತ್ತು. ಇದನ್ನು ಕಂಡುಹಿಡಿದವರು ಶುರ್ಡ್ ವಿಸ್ಸರ್. ಅದನ್ನು ಚಿಕ್ಕ ಸ್ಕ್ರಿಪ್ಟ್ ಮಾಡಿ ಎಲ್ಲರಿಗೂ ಹಂಚಿದವರು ರೆಮಿ ಶಾರ್ಪ್, ಇಂಥ ತೇಪೆಗಳಿಗೆ ಪಾಲಿಫಿಲ್ ಅನ್ನೋ ಹೆಸರು ಕೊಟ್ಟವರೂ ಅವರೇ. ಪುಟದಲ್ಲೇ ಚಿತ್ರ ಬಿಡಿಸುವ ಕ್ಯಾನ್ವಾಸ್ ಸೌಲಭ್ಯ ಇಲ್ಲದ ಕಡೆ ಮೈಕ್ರೋಸಾಫ್ಟ್‌ನ ಹಳೇ ಚಿತ್ರ ಭಾಷೆ ವಿಎಂಎಲ್ ಬಳಸಿ ಗೆರೆ ಎಳೆಯುವ ಎಕ್ಸ್‌ಪ್ಲೋರರ್ ಕ್ಯಾನ್ವಾಸ್ ಬಂತು. ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಒಡೆಯದ) ಚಿತ್ರ ತೋರಿಸೋಕೆ ಅಡೋಬಿಯ ಪ್ಲಗ್-ಇನ್ ಅದಕ್ಕೂ ಮೊದಲೇ ಇತ್ತು. ಈ ತೇಪೆಗಳದ್ದು ಒಂದೇ ತೊಂದರೆ. ಮೊದಲೇ ನಿಧಾನವಾದ ಜಾವಾಸ್ಕ್ರಿಪ್ಟ್ ಎಂಜಿನ್ ತಲೆ ಮೇಲೆ ಇನ್ನಷ್ಟು ಜಾವಾಸ್ಕ್ರಿಪ್ಟ್ ಹೊರಿಸುತ್ತಿದ್ದವು. ಹಳೇ ಬ್ರೌಸರ್ ಇದ್ದವನಿಗೇ ಜಾಸ್ತಿ ಕೆಲಸ. ಇದೆಂಥ ನ್ಯಾಯ?

ಕ್ರೋಮ್ ಫ್ರೇಮ್ ಹಿಡಿದದ್ದು ಬೇರೆ ದಾರಿ. ತೇಪೆ ಹಾಕುವ ಗೋಜೇ ಬೇಡ, ಎಂಜಿನ್ನನ್ನೇ ಬದಲಿಸು. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಎತ್ತು ತಿರುಗಿಸುತ್ತಿದ್ದ ಗಾಣ ತೆಗೆದು ಡೀಸೆಲ್ ಎಂಜಿನ್ ಕೂರಿಸಿದರಲ್ಲ, ಹಾಗೆ. ಕೊಪ್ಪರಿಗೆ ಅದೇ, ಒಲೆ ಅದೇ, ಪಾಕ ನೋಡುವ ಮನುಷ್ಯನೂ ಅವನೇ.

ಅದು ಕೆಲಸ ಮಾಡುತ್ತಿದ್ದ ರೀತಿ ಸರಳ. ಪುಟದ ತಲೆಯಲ್ಲಿ ಎಕ್ಸ್-ಯುಎ-ಕಂಪ್ಯಾಟಿಬಲ್ ಅನ್ನುವ ಮೆಟಾ ಟ್ಯಾಗ್ ಹಾಕಿ, ಅದರೊಳಗೆ 'ಕ್ರೋಮ್=1' ಅಂತ ಬರೆಯಬೇಕು. ಇಲ್ಲ ಅಂದರೆ ಸರ್ವರ್‌ನಿಂದಲೇ ಅದೇ ಮಾತನ್ನು ಹೆಡರ್‌ನಲ್ಲಿ ಕಳಿಸಬೇಕು. ಪ್ಲಗ್-ಇನ್ ಅದನ್ನು ನೋಡಿದ ಕೂಡಲೇ ಪುಟ ತೋರಿಸುವ ಜಾಗವನ್ನು ಕ್ರೋಮ್ ಎಂಜಿನ್‌ಗೆ ಬಿಟ್ಟುಕೊಡುತ್ತಿತ್ತು. ನೆಟ್‌ವರ್ಕ್ ಕೆಲಸ ಎಕ್ಸ್‌ಪ್ಲೋರರ್ ಮೂಲಕವೇ ನಡೆಯುತ್ತಿದ್ದರಿಂದ ಕುಕೀ, ಆಫೀಸಿನ ಪ್ರಾಕ್ಸಿ ಸೆಟ್ಟಿಂಗ್ ಎಲ್ಲ ಇದ್ದ ಹಾಗೇ. ಟ್ಯಾಗ್ ಇಲ್ಲದ ಪುಟ ಬಂದರೆ ಪ್ಲಗ್-ಇನ್ ತೆಪ್ಪಗೆ ಇರುತ್ತಿತ್ತು. ಸಂಬಳದ ಪಟ್ಟಿಯ ಹಳೇ ಸಾಫ್ಟ್‌ವೇರ್ ಹಳೇ ಎಂಜಿನ್‌ನಲ್ಲೇ ತೆರೆಯುತ್ತಿತ್ತು. ನನಗೆ ಬಹಳ ಹಿಡಿಸಿದ್ದು ಇದೇ. ಯಾರ ಅನ್ನಕ್ಕೂ ಕಲ್ಲು ಹಾಕದೆ ಹೊಸದನ್ನು ತರುವುದು.

ವೇಗದ ವಿಷಯ ಹೇಳಲೇಬೇಕು. ಬಿಡುಗಡೆಯಾದಾಗ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯವರು ಸನ್‌ಸ್ಪೈಡರ್ ಅನ್ನುವ ಪರೀಕ್ಷೆ ಓಡಿಸಿ ನೋಡಿದರು. ಎಂಟನೇ ಎಕ್ಸ್‌ಪ್ಲೋರರ್‌ನ ಜಾವಾಸ್ಕ್ರಿಪ್ಟ್ ಈ ಪ್ಲಗ್-ಇನ್ ಹಾಕಿದ ಮೇಲೆ ಒಂಬತ್ತು ಪಟ್ಟಿಗಿಂತ ಜಾಸ್ತಿ ವೇಗವಾಗಿ ಓಡಿತು. ಅದೂ ಎಂಟನೆಯದರಲ್ಲಿ, ಆರನೆಯದರ ಪಾಡು ಕೇಳುವುದೇ ಬೇಡ. ಗೂಗಲ್‌ಗೇನೂ ಸಮಾಜಸೇವೆ ಮಾಡುವ ಉಮೇದು ಇರಲಿಲ್ಲ ಬಿಡಿ. ಗೂಗಲ್ ವೇವ್ ಅಂತ ಅವರದ್ದೇ ಒಂದು ಭಾರೀ ಅಪ್ಲಿಕೇಶನ್ ಆಗ ಬರುತ್ತಿತ್ತು, ಅದನ್ನು ಎಕ್ಸ್‌ಪ್ಲೋರರ್‌ನಲ್ಲಿ ಓಡಿಸೋಕೆ ಹೋಗಿ ಸುಸ್ತಾಗಿದ್ದರು. ಎಕ್ಸ್‌ಪ್ಲೋರರ್‌ನವರು ಈ ಫ್ರೇಮ್ ಹಾಕಿಕೊಂಡು ಬನ್ನಿ ಅಂದರು. ವೇವ್ ಮರುವರ್ಷವೇ ಮುಗಿದ ಕಥೆ, ಫ್ರೇಮ್ ಅದಕ್ಕಿಂತ ಜಾಸ್ತಿ ಕಾಲ ಬಾಳಿತು.

ವಿರೋಧ ಬಾರದೆ ಇರುತ್ತದಾ? ನಿಮ್ಮ ಬ್ರೌಸರ್ ಮೇಲೆ ದಾಳಿ ಮಾಡೋಕೆ ಇರುವ ಜಾಗ ಇದರಿಂದ ಎರಡು ಪಟ್ಟು ಆಗುತ್ತದೆ, ನಮ್ಮ ಸ್ನೇಹಿತರಿಗೋ ಮನೆಯವರಿಗೋ ಇದನ್ನು ಹಾಕಿಕೊಳ್ಳಿ ಅಂತ ನಾವು ಹೇಳಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತು. ಆರನೇ ಆವೃತ್ತಿಯನ್ನು ಅಷ್ಟು ವರ್ಷ ಹಾಗೇ ಬಿಟ್ಟವರು ಸುರಕ್ಷತೆಯ ಪಾಠ ಹೇಳಿದ್ದು ಒಂದು ಥರ ತಮಾಷೆಯೇ. ಮರುವರ್ಷ ಜನವರಿಯಲ್ಲಿ ಗೂಗಲ್ ಮೇಲೆಯೇ ದೊಡ್ಡ ದಾಳಿಯಾದದ್ದು ಹೊರಬಂತು, ಅದರಲ್ಲಿ ಬಳಸಿದ್ದು ಎಕ್ಸ್‌ಪ್ಲೋರರ್‌ನದ್ದೇ ಒಂದು ತೂತು. ಆಗ ಜರ್ಮನಿ ಮತ್ತು ಫ್ರಾನ್ಸ್‌ನ ಸರ್ಕಾರಿ ಸಂಸ್ಥೆಗಳು ಸದ್ಯಕ್ಕೆ ಬೇರೆ ಬ್ರೌಸರ್ ಬಳಸಿ ಅಂತ ಜನರಿಗೆ ಹೇಳಿದ್ದವು.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರ ಆಕ್ಷೇಪಣೆ ಮಾತ್ರ ತೂಕದ್ದು. ಅಲ್ಲಿನ ಮಿಚೆಲ್ ಬೇಕರ್ ಮತ್ತು ಮೈಕ್ ಶೇವರ್ ಇಬ್ಬರೂ ಬರೆದರು. ಒಂದೇ ಕಿಟಕಿಯಲ್ಲಿ ಎರಡು ಬ್ರೌಸರ್ ಇದ್ದರೆ ಬಳಸುವವನಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು, ಅವನು ಮಾಡಿಕೊಂಡ ಸೆಟ್ಟಿಂಗ್ ಯಾವುದಕ್ಕೆ ಅನ್ವಯ, ಗೂಗಲ್ ಮಾಡಿದ ಹಾಗೆ ಪ್ರತಿ ಕಂಪನಿಯೂ ತನ್ನ ಎಂಜಿನ್ ತಂದು ತುರುಕಿದರೆ ಗತಿ ಏನು? ಈ ಪ್ರಶ್ನೆಗಳಿಗೆ ನನ್ನ ಹತ್ತಿರ ಇವತ್ತಿಗೂ ಒಳ್ಳೇ ಉತ್ತರ ಇಲ್ಲ. ಆದರೂ ನನ್ನ ಪಕ್ಷ ಫ್ರೇಮ್‌ನದ್ದೇ. ಬ್ರೌಸರ್ ಆರಿಸಿಕೊಳ್ಳುವ ಹಕ್ಕು ಬಳಸುವವನದ್ದು ಅನ್ನೋ ಮಾತು ಬ್ರೌಸರ್ ಆರಿಸಿಕೊಳ್ಳೋಕೆ ಆಗುವವನಿಗೆ ಸರಿ. ನಮ್ಮ ಮ್ಯಾನೇಜರ್ರಿಗೆ ಆ ಆಯ್ಕೆಯೇ ಇರಲಿಲ್ಲವಲ್ಲ.

ಅವರ ಕಂಪ್ಯೂಟರ್‌ಗೆ ಕೊನೆಗೂ ಫ್ರೇಮ್ ಹಾಕಿದೆವು. ಯಜಮಾನರಿಗೆ ಹೇಳಿ, ಪಾಸ್‌ವರ್ಡ್ ಹುಡುಗನನ್ನು ಫೋನಿನಲ್ಲಿ ಹಿಡಿದು, ಒಂದು ಮಧ್ಯಾಹ್ನ ಅಲ್ಲೇ ಊಟ ಮಾಡಿ (ಮದುವೆ ಮನೆ, ಊಟಕ್ಕೇನು ಬರ). ಪುಟ ತೆರೆದರೆ ದೀಪದ ಸುತ್ತ ಚೌಕ ಇಲ್ಲ, ದಿನಾಂಕದ ಕ್ಯಾಲೆಂಡರ್ ನೆಟ್ಟಗೆ ನಿಂತಿದೆ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರುವ ಪಟ್ಟಿಯಲ್ಲಿ ಕ್ರೋಮ್ ಫ್ರೇಮ್ ಹೆಸರು, ಅದೊಂದೇ ಕುರುಹು. ಮ್ಯಾನೇಜರ್ರು ರೈಟ್ ಕ್ಲಿಕ್ ಮಾಡುವವರಲ್ಲ. "ಈಗ ಸರೋಯ್ತು ನೋಡು, ಮೊದ್ಲೇ ಇಂಗೆ ಮಾಡಕ್ ಆಯ್ತಿರ್ಲಿಲ್ವಾ?" ಅಂದರು. ವೆಬ್‌ಸೈಟ್ ಸರಿ ಮಾಡಿದ್ದೇವೆ ಅಂತಲೇ ಅವರು ಕೊನೆತನಕ ತಿಳಿದಿದ್ದರು, ನಾನೂ ತಿದ್ದೋಕೆ ಹೋಗಲಿಲ್ಲ.

ಬ್ರೌಸಿಂಗ್ ಸೆಂಟರ್‌ಗಳಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಅಲ್ಲಿ ಡೀಪ್ ಫ್ರೀಜ್ ಅಂತ ಒಂದು ಸಾಫ್ಟ್‌ವೇರ್ ಹಾಕಿರುತ್ತಿದ್ದರು, ರೀಸ್ಟಾರ್ಟ್ ಮಾಡಿದ ಕೂಡಲೇ ಕಂಪ್ಯೂಟರ್ ಮೊದಲಿನ ಸ್ಥಿತಿಗೆ ವಾಪಸ್. ಹುಡುಗರು ತುಂಬಿದ ವೈರಸ್ಸೂ ಹೋಗುತ್ತಿತ್ತು, ನಾವು ಹಾಕಿದ ಪ್ಲಗ್-ಇನ್ನೂ ಹೋಗುತ್ತಿತ್ತು. ಅಡ್ಮಿನ್ ಹಕ್ಕಿಲ್ಲದೆಯೂ ಹಾಕಿಕೊಳ್ಳುವ ಫ್ರೇಮ್ 2011ರಲ್ಲಿ ಬಂತು, ಆದರೆ ಡೀಪ್ ಫ್ರೀಜ್ ಮುಂದೆ ಅದರದ್ದೂ ಏನೂ ನಡೆಯಲ್ಲ.

ಇನ್ನು ಕನ್ನಡ. ಇಲ್ಲಿ ಫ್ರೇಮ್ ಪೂರ್ತಿ ಕೈಚೆಲ್ಲಿತು. ಅದು ಬದಲಿಸುತ್ತಿದ್ದದ್ದು ಪುಟ ಬಿಡಿಸುವ ಎಂಜಿನ್ ಮಾತ್ರ. ಕನ್ನಡದ ಅಕ್ಷರ ಕೂಡಿಸುವ ಕೆಲಸವನ್ನು ಆಗ ಕ್ರೋಮ್ ಕೂಡ ವಿಂಡೋಸ್‌ನ ಯೂನಿಸ್ಕ್ರೈಬ್‌ಗೇ ಬಿಟ್ಟಿತ್ತು. ಎಕ್ಸ್‌ಪಿಯಲ್ಲಿ ಭಾರತದ ಭಾಷೆಗಳ ಸೌಲಭ್ಯ ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಆಂಡ್ ಲಾಂಗ್ವೇಜ್ ಆಪ್ಷನ್ಸ್ ತೆಗೆದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಚೆಕ್ ಬಾಕ್ಸ್‌ಗೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು. ಸಿಡಿ ಎಲ್ಲಿ? ಸಿಡಿಯೂ ಪಾಸ್‌ವರ್ಡ್ ಹುಡುಗನ ಹತ್ತಿರ. ಅದು ಸಿಗುವ ತನಕ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಯಾವುದೋ ಫಾಂಟ್ ತಂದು ಹಾಕಿದ್ದರೆ ಅಕ್ಷರ ಕಾಣುತ್ತಿತ್ತು, ಆದರೆ ಒತ್ತು ಬಿಚ್ಚಿಕೊಂಡು 'ಕಲ್‌ಯಾಣ', 'ಮಂಡ್‌ಯ' ಅಂತ. ಮದುವೆ ಮಂಟಪದ ಹೆಸರೇ ಹೀಗೆ ಮುರಿದು ಬಿದ್ದರೆ ಯಜಮಾನರಿಗೆ ಹೇಗಾಗಬೇಡ? ಕೊನೆಗೆ ನಾವು ಹೆಸರನ್ನು ಚಿತ್ರ ಮಾಡಿ ಅಂಟಿಸಿದೆವು. ಆ ಕಾಲದ ಎಷ್ಟೋ ಕನ್ನಡ ಸೈಟುಗಳಲ್ಲಿ ತಲೆಬರಹ ಎಲ್ಲ ಚಿತ್ರವಾಗಿರುತ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಇನ್ನು ಡೈನಾಮಿಕ್ ಫಾಂಟ್ (ಪುಟದ ಜೊತೆಗೇ ಇಳಿದು ಬರುವ ಫಾಂಟ್) ಹಾಕಿ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓದಿಸಿಕೊಳ್ಳುತ್ತಿದ್ದ ಕನ್ನಡದ ಸೈಟುಗಳಿದ್ದವಲ್ಲ, ಅವುಗಳಲ್ಲಿ 'ಕ್ರೋಮ್=1' ಇಲ್ಲದ್ದರಿಂದ ಅವು ಮೊದಲಿನ ಹಾಗೇ ತೆರೆಯುತ್ತಿದ್ದವು. ಫ್ರೇಮ್ ಉಪಕಾರ ಮಾಡದಿದ್ದರೂ ಅಪಕಾರ ಮಾಡಲಿಲ್ಲ.

2013ರ ಜೂನ್‌ನಲ್ಲಿ ಗೂಗಲ್, ಈಗ ಬಹಳಷ್ಟು ಜನ ಹೊಸ ಬ್ರೌಸರ್‌ಗಳನ್ನೇ ಬಳಸುತ್ತಿದ್ದಾರೆ, ಇನ್ನು ಇದು ಬೇಡ ಅಂತ ಹೇಳಿ ಮುಂದಿನ ಜನವರಿಗೆ ನಿಲ್ಲಿಸಿತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು ಅದಾದ ಮೇಲೆ, 2014ರ ಏಪ್ರಿಲ್ 8ಕ್ಕೆ. ನನಗೇನೋ ನಿಲ್ಲಿಸಿದ್ದು ಸರಿಯೇ ಅನ್ನಿಸಿತು. ಇಂಥ ಪ್ಲಗ್-ಇನ್ ಜಾಸ್ತಿ ದಿನ ಇದ್ದರೆ ಯಜಮಾನರುಗಳಿಗೆ ಹಳೇ ಯಂತ್ರ ಇಟ್ಟುಕೊಳ್ಳೋಕೆ ಇನ್ನೊಂದು ನೆಪ ಸಿಗುತ್ತಿತ್ತು. ಕ್ರೋಮ್ ಬ್ರೌಸರ್ ಬೇಕಾದವರಿಗೆ ಎಕ್ಸ್‌ಪಿಯಲ್ಲಿ 2016ರ ತನಕ, 49ನೇ ಆವೃತ್ತಿವರೆಗೆ ಸಿಕ್ಕಿತು.

ಈಗ ನೋಡಿ, ಆಟ ತಿರುಗಿದೆ. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರನ್ನು ನಿವೃತ್ತಿ ಮಾಡಿತು, ಆದರೆ ಅದರ ಎಂಜಿನ್ನನ್ನು ಎಡ್ಜ್ ಒಳಗೆ ಐಇ ಮೋಡ್ ಅಂತ ಉಳಿಸಿಕೊಂಡಿದೆ, ಕಡೇಪಕ್ಷ 2029ರವರೆಗೆ ಇರುತ್ತದಂತೆ. ಎಡ್ಜ್‌ನ ಸ್ವಂತ ಎಂಜಿನ್ ಯಾವುದು? ಕ್ರೋಮ್‌ನದ್ದೇ, ಕ್ರೋಮಿಯಂ. ಅಂದರೆ ಮೊದಲು ಎಕ್ಸ್‌ಪ್ಲೋರರ್ ಹೊಟ್ಟೆಯಲ್ಲಿ ಕ್ರೋಮ್ ಇತ್ತು, ಈಗ ಕ್ರೋಮ್ ಹೊಟ್ಟೆಯಲ್ಲಿ ಎಕ್ಸ್‌ಪ್ಲೋರರ್. ಡಿಜಿಟಲ್ ಸಹಿಯ ಟೋಕನ್ ಬೇಡುವ ಒಂದು ಪೋರ್ಟಲ್‌ಗೆ ಹೋದ ವರ್ಷ ಕೂಡ ಗೆಳೆಯರೊಬ್ಬರ ಆಫೀಸಿನಲ್ಲಿ ನಾನೇ ಈ ಮೋಡ್ ಹಾಕಿಕೊಟ್ಟಿದ್ದೇನೆ. ಫ್ಲ್ಯಾಶ್‌ನದ್ದೂ ಇದೇ ಕಥೆ. 2020ರ ಕೊನೆಗೆ ಅದು ಮುಗಿಯಿತು, ಈಗ ರಫಲ್ ಅನ್ನೋ ಎಕ್ಸ್‌ಟೆನ್ಷನ್ ಹಳೇ ಫ್ಲ್ಯಾಶ್ ಆಟಗಳನ್ನು ಹೊಸ ಬ್ರೌಸರ್‌ನಲ್ಲಿ ಆಡಿಸುತ್ತದೆ.

ಪಾಲಿಫಿಲ್‌ಗಳ ದಾರಿ ಹಿಡಿದವರಿಗೆ ಬೇರೆ ಪೆಟ್ಟು ಬಿತ್ತು. ಪಾಲಿಫಿಲ್ ಡಾಟ್ ಐಓ ಅಂತ ಒಂದು ಸೇವೆ ಇತ್ತು. ಒಂದು ಸಾಲಿನ ಸ್ಕ್ರಿಪ್ಟ್ ಹಾಕಿದರೆ, ಬಂದ ಬ್ರೌಸರ್ ನೋಡಿ ಅದಕ್ಕೆ ಏನು ಕಮ್ಮಿಯೋ ಅಷ್ಟೇ ತೇಪೆ ಕಳಿಸುತ್ತಿತ್ತು. 2024ರಲ್ಲಿ ಆ ಡೊಮೇನ್ ಬೇರೆಯವರ ಕೈಗೆ ಹೋಯಿತು. ಜೂನ್ ಹೊತ್ತಿಗೆ ಅದೇ ಸಾಲಿನಿಂದ ಮೊಬೈಲ್‌ಗಳಿಗೆ ಕೆಟ್ಟ ಕೋಡ್ ಹೋಗುತ್ತಿತ್ತು, ಜನರನ್ನು ಜೂಜಿನ ಸೈಟುಗಳಿಗೆ ಎಳೆದುಕೊಂಡು ಹೋಗುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿ ಆ ಸಾಲು ಇತ್ತು. ಬಹಳಷ್ಟು ಜನಕ್ಕೆ ಅದನ್ನು ಯಾಕೆ ಹಾಕಿದ್ದೆವು ಅನ್ನೋದೇ ಮರೆತುಹೋಗಿತ್ತು. ಕಾಲ ಮುಗಿದ ತೇಪೆಯನ್ನು ಕಿತ್ತು ಹಾಕುವವರು ಕಮ್ಮಿ. ಈ ವಿಷಯದಲ್ಲಿ ಕೂಡ ಫ್ರೇಮೇ ವಾಸಿ, ದಿನಾಂಕ ಹೇಳಿ ಹೋಯಿತು.

ಫ್ರೇಮ್‌ನ ಅಸಲಿ ವಾರಸುದಾರ ಯಾರು ಅಂದರೆ ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ವೆಬ್‌ವ್ಯೂ. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ಭಾಗ ಅದು. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಅದನ್ನು ಫೋನಿನ ಸಾಫ್ಟ್‌ವೇರ್‌ನಿಂದ ಬೇರೆ ಮಾಡಿ ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುವ ಹಾಗೆ ಮಾಡಿದರು. ಫೋನ್ ಕಂಪನಿ ಅಪ್‌ಡೇಟ್ ಕೊಡದಿದ್ದರೂ ಒಳಗಿನ ಎಂಜಿನ್ ಹೊಸದಾಗುತ್ತಲೇ ಇರುತ್ತದೆ, ಕೈಯಲ್ಲಿ ಹಿಡಿದವರಿಗೆ ಗೊತ್ತೇ ಆಗಲ್ಲ. ಇದಕ್ಕೂ ಒಂದು ಕೊನೆ ಇದೆ ಅನ್ನಿ. ಆಂಡ್ರಾಯ್ಡ್ 7 ಇರುವ ಫೋನುಗಳಿಗೆ ಕ್ರೋಮ್ 119ಕ್ಕೇ ನಿಂತುಹೋಯಿತು. ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆ ಆವೃತ್ತಿ 109, ಬಂದದ್ದು 2023ರ ಜನವರಿಯಲ್ಲಿ.

ಇದರಿಂದ ನನ್ನ ಕೆಲಸಕ್ಕೆ ಏನಾಗಿದೆ ಅಂದರೆ, ಈಗಲೂ ನಮ್ಮ ರೂಮಿನಲ್ಲಿ ವಿಂಡೋಸ್ 7 ಇರುವ ಒಂದು ಡಬ್ಬ ಇದೆ, ಸೈಟ್ ಬಿಡುವ ಮೊದಲು ಅದರಲ್ಲಿ ತೆರೆದು ನೋಡುತ್ತೇವೆ. ಮೊನ್ನೆ ಹೊಸ ಹುಡುಗಿ ಒಬ್ಬಳು ಸಿಎಸ್‌ಎಸ್ ನೆಸ್ಟಿಂಗ್ (ಪುಟದ ಬಣ್ಣ, ಅಂದದ ನಿಯಮಗಳನ್ನು ಒಂದರೊಳಗೊಂದು ಬರೆಯುವ ರೀತಿ) ಬಳಸಿ ಚೊಕ್ಕವಾಗಿ ಒಂದು ಪುಟ ಮಾಡಿದ್ದಳು. ಆ ಡಬ್ಬದಲ್ಲಿ ಅರ್ಧ ಬಣ್ಣ ಮಾಯ. ನೆಸ್ಟಿಂಗ್ ಬಂದದ್ದು ಕ್ರೋಮ್ 112ರಲ್ಲಿ, ಅಲ್ಲಿರುವುದು 109. "ಸಾರ್, ಇನ್ನೂ ಯಾರು ಇಟ್ಕೊಂಡಿದಾರೆ ಇದನ್ನ, ಅಪ್‌ಡೇಟ್ ಮಾಡ್ಕೊಳ್ಳಲಿ ಬಿಡಿ" ಅಂದಳು. ಪಾಪ, ಅವಳ ಮಾತಲ್ಲೂ ತಪ್ಪಿಲ್ಲ. ನೀನು ಬರೆಯುವ ರೀತಿ ಬದಲಿಸಬೇಡ, ನಾವು ಅಪ್‌ಲೋಡ್ ಮಾಡುವಾಗ ನೆಸ್ಟಿಂಗ್ ಬಿಡಿಸಿ ಸಾಲು ಸಾಲಾಗಿ ಬರೆಯುವ ಟೂಲ್ ಇದೆ, ಅದನ್ನು ಒಂದು ಸಲ ಕೂರಿಸಿಬಿಡು ಅಂದೆ. ಸಂಜೆಯೊಳಗೆ ಕೂರಿಸಿದಳು. ಇನ್ನು ಅವಳು ಆ ಡಬ್ಬದ ಎಕ್ಸ್‌ಟೆನ್ಷನ್ ಪಟ್ಟಿ ತೆರೆದು ನೋಡದೇ ಇದ್ದರೆ ಸಾಕು, ಅದರಲ್ಲಿ ಏನೇನು ಇದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ.